ಸೀತಾಫಲ ಕಣ್ಣು ಬಿಟ್ಟ ದಿನ

ಸೀತಾಫಲ ಕಣ್ಣು ಬಿಡುವುದು ಎಂದರೇನು ಎಂದು ಈಗ ಯಾರಾದರೂ ನನ್ನನ್ನು ಕೇಳಿದರೆ, ಉತ್ತರ ಹೇಳುವ ಮೊದಲು ‘ನಿಮ್ಮದು ಗುಡ್ಡದ ಯಾವ ಕಡೆ?’ ಎಂದು ಕೇಳುತ್ತೇನೆ. ಈ ಜಾಣತನ ಸುಮ್ಮನೆ ಬಂದದ್ದಲ್ಲ. ಅದಕ್ಕೆ ಒಂದು ಇಡೀ ಮಳೆಗಾಲ ಬೇಕಾಯಿತು, ಜೊತೆಗೆ ಒಂದು ಕರಡಿಯೂ ಬೇಕಾಯಿತು.

ನಾನು ಅರಣ್ಯ ಇಲಾಖೆಯಲ್ಲಿ ಉಪ ವಲಯ ಅರಣ್ಯಾಧಿಕಾರಿ. ಆ ವರ್ಷ ನನ್ನ ಪಾಲಿಗೆ ಬಂದಿದ್ದ ಗುಡ್ಡದ ಪೂರ್ವಕ್ಕೆ ಹಿರಿಯೂರು ತಾಲ್ಲೂಕು, ಪಶ್ಚಿಮಕ್ಕೆ ಹೊಸದುರ್ಗ. ಎರಡೂ ಬುಡದಲ್ಲಿ ಒಂದೊಂದು ಊರು. ಗುಡ್ಡಕ್ಕೆ ಈ ಊರಿನವರದ್ದು ಒಂದು ಹೆಸರು, ಆ ಊರಿನವರದ್ದು ಇನ್ನೊಂದು. ಹಾಗಾಗಿ ನಾನು ಬರಿಯ ಗುಡ್ಡ ಎನ್ನುತ್ತೇನೆ, ಯಾರಿಗೂ ಬೇಜಾರಿಲ್ಲ. ದೂರದಿಂದ ನೋಡಿದರೆ ಬೋಳು. ಹತ್ತಿರ ಹೋದರೆ ಮೊಣಕಾಲುದ್ದ ಹುಲ್ಲು, ಕಾರೆಮುಳ್ಳು, ಮತ್ತು ಯಾರೂ ನೆಡದೆ ತಾವಾಗಿ ಬೆಳೆದ ಸೀತಾಫಲದ ಗಿಡಗಳು. ಮೇಲೆ ದೊಡ್ಡ ಹಾಸುಬಂಡೆ, ಅದರ ಪಕ್ಕದಲ್ಲಿ ಗವಿಗಳು, ಗವಿಗಳಲ್ಲಿ ಕರಡಿ. ಪಕ್ಕದ ಸಾಲಿನ ಮೇಲೆಲ್ಲ ಗಾಳಿಯಂತ್ರ ನಿಂತಾಗಿತ್ತು. ಅಲ್ಲಿಂದ ಎದ್ದ ಕರಡಿಗಳೂ ಇಲ್ಲಿಗೇ ಬಂದಿವೆ ಎಂದು ಜನ ಹೇಳುತ್ತಿದ್ದರು. ನಿಜವೋ ಸುಳ್ಳೋ, ಕರಡಿಯ ಹೆಜ್ಜೆಯಂತೂ ಹೆಚ್ಚಾಗಿತ್ತು.

ಶ್ರಾವಣದ ಒಂದು ಬೆಳಿಗ್ಗೆ ಗಾರ್ಡ್ ಜೊತೆ ಗಸ್ತಿಗೆ ಹೋಗಿದ್ದೆ. ನಮ್ಮ ಗಾರ್ಡ್ ನಿವೃತ್ತಿಗೆ ಹತ್ತಿರವಿದ್ದವರು, ಮಾತು ಕಡಿಮೆ, ಎಲೆಅಡಿಕೆ ಜಾಸ್ತಿ. ಹೊಸದುರ್ಗದ ಕಡೆ ಬುಡದಲ್ಲಿ ಒಂದು ಶೇಂಗಾ ಹೊಲದ ಬದುವಿನ ಹತ್ತಿರ ಅವರು ತಟ್ಟನೆ ನಿಂತು ಕೈ ಅಡ್ಡ ಹಿಡಿದರು. ಮುಂದೆ ಗೂಟದಿಂದ ಗೂಟಕ್ಕೆ ತೆಳ್ಳನೆಯ ತಂತಿ. ಕಣ್ಣಲ್ಲೇ ಅದರ ಜಾಡು ಹಿಡಿದು ಹೋದರೆ ತಂತಿ ಪಂಪ್‌ಮನೆಯ ಸ್ಟಾರ್ಟರ್ ಪೆಟ್ಟಿಗೆಯೊಳಗೆ ಹೋಗಿತ್ತು.

ಹೊಲದ ಯಜಮಾನರು ಅಲ್ಲೇ ಇದ್ದರು. ಅವರ ಹೆಂಡತಿ ಸಾಲಿನಲ್ಲಿ ಕಳೆ ಕೀಳುತ್ತಿದ್ದರು. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಮೊದಲು ಕರೆಂಟು ತೆಗೆಸಿ ಆಮೇಲೆ ಬಾಯಿಗೆ ಬಂದದ್ದೆಲ್ಲ ಅಂದೆ. ಕರಡಿ ಸತ್ತರೆ ಜೈಲು ಎಂದೆ.

ಯಜಮಾನರು ಪೂರ್ತಿ ಕೇಳಿಸಿಕೊಂಡು, ತಲೆಯ ಟವೆಲ್ ಬಿಚ್ಚಿ ಮತ್ತೆ ಸುತ್ತಿಕೊಂಡರು. “ಹೋದ್ ವರ್ಷ ಈ ಮೂಲೆ ಪೂರ್ತಿ ಬಗದು ತಿಂದು ಹೋತ್ರಿ ನಿಮ್ ಕರಡಿ. ನಿಮ್ಮೋರು ಬಂದು ಫೋಟೊ ಹೊಡಕಂಡು ಹೋದ್ರು. ಫೋಟೊ ತಿನ್ನಾಕಾಗ್ತೈತೇನ್ರಿ? ಕರಡಿ ಹಿಡಕಂಡು ಹೋಗ್ರಿ, ವೈರು ನಾನೇ ಬಿಚ್ತೀನಿ.”

ಕಳೆ ಕೀಳುತ್ತಿದ್ದ ಹೆಂಡತಿ ಎದ್ದು ನಿಂತರು. “ಮೊದ್ಲು ಬಿಚ್ರಿ ಅದನ್ನ. ಸೀತಾಫಲದ ಕಾಲ್ದಾಗೆ ಇದೇ ಬದಿನ ಮೇಲೆ ಗುಡ್ಡಕ್ಕೆ ಹೋಗಾಳು ನಾನು. ಕರಡಿಗಿಂತ ಮೊದ್ಲು ನಾನೇ ಸಾಯ್ತೀನಿ.”

ಯಜಮಾನರಿಗೆ ಅದು ಹೊಳೆದೇ ಇರಲಿಲ್ಲವೆಂದು ಮುಖದಲ್ಲೇ ಗೊತ್ತಾಯಿತು. ಹೋಗಿ ತಂತಿ ಬಿಚ್ಚಿ, ಸುರುಳಿ ಸುತ್ತಿ, ಪಂಪ್‌ಮನೆಯ ಮೊಳೆಗೆ ತಗುಲಿಹಾಕಿದರು. “ಇದೊಂದು ಸುಗ್ಗಿ ನೋಡ್ತೀನ್ರಿ ಮೇಡಮ್ಮೋರೆ. ಶೇಂಗಾಕ್ಕೆ ಕರಡಿ ಬಾಯಿ ಹಾಕ್ತೋ, ಮತ್ತೆ ಕಟ್ತೀನಿ. ಕದ್ದು ಕಟ್ಟಲ್ಲ, ನಿಮಗೆ ಹೇಳೇ ಕಟ್ತೀನಿ.”

ನಮ್ಮ ವಲಯ ಅರಣ್ಯಾಧಿಕಾರಿಗಳಿಗೆ ಇದನ್ನು ಹೇಳಿದಾಗ ಅವರ ಬಳಿ ಉತ್ತರ ಸಿದ್ಧವಿತ್ತು. ಕರಡಿಯನ್ನು ಹಿಡಿದು ಸಾಗಿಸಲು ಮೇಲಿನ ಆದೇಶ ಬೇಕು, ಅದು ಸುಲಭಕ್ಕೆ ಬರುವುದಿಲ್ಲ, ಬರಲೂಬಾರದು. ಗುಡ್ಡದ ಹಣ್ಣು ಜನ ಕಿತ್ತೊಯ್ಯುವುದರಿಂದ ಕರಡಿ ಹೊಲಕ್ಕೆ ಇಳಿಯುತ್ತದೆ. ಆದ್ದರಿಂದ ಜನರನ್ನು ನಿಲ್ಲಿಸಬೇಕು. ಸುತ್ತ ಕಂದಕ, ಎರಡೂ ದಾರಿಗೆ ಗೇಟು. ಸಾಹೇಬರು ಕೆಟ್ಟವರಲ್ಲ, ಲೆಕ್ಕವೂ ತಪ್ಪಲ್ಲ. ಆದರೆ ಎರಡೂ ಊರಿನ ಹೆಂಗಸರಿಗೆ ವರ್ಷದಲ್ಲಿ ಸ್ವಂತ ಕೈಗೆ ಬರುವ ಗಳಿಕೆ ಅದೊಂದೇ. ಯಜಮಾನರ ಹೆಂಡತಿ ನನಗೆ ಹೇಳಿದ್ದರು: “ಶೇಂಗಾ ಅವರ್ದು, ಸೀತಾಫಲ ನಂದು. ಅವರ್ನ ಕೇಳ್ದಂಗೆ ನಾನೊಂದು ಸೀರೆ ತಗಳ್ಳೋದು ಈ ಹಣ್ಣಿನಾಗೇಯ.” ಗೇಟಿಗೆ ಬೀಗ ಹಾಕಿದರೆ ಬೀಗ ಬೀಳುವುದು ಆ ಸೀರೆಗೆ.

ನನಗೂ ಒಂದು ಸುಗ್ಗಿ ಕೊಡಿ ಎಂದು ಕೇಳಿದೆ. ಸಾಹೇಬರು ಕನ್ನಡಕ ತೆಗೆದು ಒರೆಸಿದರು. “ಕೊಟ್ಟೆ. ಆದರೆ ಈ ಸಲ ಹಣ್ಣಿನ ಕಾಲ ಶುರುವಾಗೋ ಮುಂಚೆ ಕರಡಿ ಶೇಂಗಾ ಮುಟ್ಟಿದರೆ ಗುಡ್ಡ ಬಂದ್. ಬೀಗ ನೀವೇ ಹಾಕಬೇಕು.”

ಹೂಂ ಎಂದು ಬಂದೆ.

ಮಾರನೆಯ ದಿನದಿಂದ ಗಾರ್ಡ್ ಮತ್ತು ನಾನು ಗುಡ್ಡವನ್ನು ಪಟ್ಟಿ ಪಟ್ಟಿಯಾಗಿ ಸುತ್ತಿದೆವು. ಏನು ನಡೆಯುತ್ತಿದೆ ಎಂದು ತಿಳಿಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ದಾರಿಯ ಅಂಚಿನ ಗಿಡಗಳಲ್ಲಿ ಆಗಲೇ ಕಾಯಿ ಇರಲಿಲ್ಲ. ಪೊದೆಯ ಬುಡದಲ್ಲಿ ಕಿತ್ತು ಬಿಸಾಡಿದ ನಿಂಬೆಗಾತ್ರದ ಎಳೆಗಾಯಿಗಳು ಕಪ್ಪಾಗಿ ಬಿದ್ದಿದ್ದವು. ಸೀತಾಫಲದ ಗುಣವೇ ಅದು. ಬಲಿಯದೆ ಕಿತ್ತರೆ ಹುಲ್ಲಲ್ಲಿ ಮುಚ್ಚಿಡಿ, ಅಕ್ಕಿಯಲ್ಲಿ ಹೂತಿಡಿ, ಹಣ್ಣಾಗುವುದಿಲ್ಲ, ಕಲ್ಲಾಗುತ್ತದೆ. ಆ ಕಾಯಿ ಹೆಂಗಸರಿಗೂ ಇಲ್ಲ, ಕರಡಿಗೂ ಇಲ್ಲ.

ಮತ್ತೆ ಕೀಳುವುದೇಕೆ? ಹಿರಿಯೂರು ಕಡೆಯ ಊರಿನಲ್ಲಿ ಹೆದ್ದಾರಿಯ ಪಕ್ಕ ಬುಟ್ಟಿಯಿಟ್ಟು ಹಣ್ಣು ಮಾರುವವರಿಗೆಲ್ಲ ಮುಂದಾಳು ಒಬ್ಬ ಹೆಂಗಸು. ಊರೆಲ್ಲ ಅವರನ್ನು ದೊಡ್ಡಕ್ಕ ಎನ್ನುತ್ತಿತ್ತು. ಲಾರಿಯ ಹಾರನ್ನನ್ನೂ ಮೀರಿಸುವ ದನಿ. ಅವರನ್ನೇ ಕೇಳಿದೆ.

“ಕುಂತ್ಕಳ್ರಿ ಮೊದ್ಲು,” ಎಂದು ಬುಟ್ಟಿ ಸರಿಸಿ ಜಾಗ ಮಾಡಿದರು. “ನಮಗೇನು ಎಳೇ ಕಾಯಿ ಕೀಳಾಕೆ ಹುಚ್ಚೇನ್ರಿ? ನಾವು ಬಿಟ್ರೆ ಆ ಕಡೆಯೋರು ಬಿಡ್ತಾರಾ? ಹೊಸದುರ್ಗದ ಸಂತೆಗೆ ಹೋಗಿ ನೋಡ್ರಿ ಬೇಕಾದ್ರೆ.”

ಅದೇ ಪ್ರಶ್ನೆಯನ್ನು ಯಜಮಾನರ ಹೆಂಡತಿಯನ್ನು ಕೇಳಿದೆ. “ನಾವು ಬಿಟ್ರೆ ಆ ಹೈವೇದೋರು ಬಿಡ್ತಾರೇನ್ರಿ?” ಎಂದರು. ಉತ್ತರ ಒಂದೇ, ಊರು ಮಾತ್ರ ಬೇರೆ.

ಹಾಗಾಗಿ ಎರಡೂ ಕಡೆಯ ಹೆಂಗಸರನ್ನು ಗುಡ್ಡದ ನಡುವಿನ ಕಣಿವೆಯಲ್ಲಿ ಸೇರಿಸಿದೆ. ಬಸರಿ ಮರದ ನೆರಳಲ್ಲಿ ಈ ಊರು ಒಂದು ಬದಿ, ಆ ಊರು ಇನ್ನೊಂದು ಬದಿ. ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ: ಹೀಗೇ ಆದರೆ ಗೇಟು ಬೀಳುತ್ತದೆ, ತಡೆಯಲು ನನ್ನ ಕೈಯಲ್ಲಿ ಆಗುವುದಿಲ್ಲ. ಎರಡು ಮಾತಿಗೆ ಒಪ್ಪಿದರೆ ನೋಡೋಣ. ಹಾಸುಬಂಡೆಯಿಂದ ಮೇಲಿನದು ಕರಡಿಗೆ, ಅತ್ತ ಯಾರೂ ಹೋಗಬಾರದು. ಕೆಳಗಿನದನ್ನು ಕಾಯಿ ಬಲಿತು ಕಣ್ಣು ಬಿಡುವವರೆಗೆ ಯಾರೂ ಮುಟ್ಟಬಾರದು.

ಆಗಲಿ ಎಂದರು. ಎಲ್ಲರೂ, ಒಂದೇ ಸಲಕ್ಕೆ. ದೊಡ್ಡಕ್ಕ ಬಸರಿ ಮರ ಮುಟ್ಟಿ ಆಣೆ ಮಾಡಿದರು, ಯಜಮಾನರ ಹೆಂಡತಿಯೂ ಮುಟ್ಟಿದರು. ನಾನು ಸಿರಿಗೆರೆ ಕಡೆಯವಳು. ಅತಿ ಸಲೀಸಾಗಿ ಮುಗಿದ ಕೆಲಸವನ್ನು ಇನ್ನೊಂದು ಸಲ ನೋಡಬೇಕು ಎಂದು ನಮ್ಮಮ್ಮ ಹೇಳುತ್ತಿದ್ದಳು. ಆ ದಿನ ಅಮ್ಮನ ಮಾತು ನೆನಪಾಗಲಿಲ್ಲ. ಬೈಕಿನಲ್ಲಿ ಹಾಡು ಹೇಳಿಕೊಂಡು ಬಂದೆ.

ಭಾದ್ರಪದ ಮುಗಿಯುವ ಹೊತ್ತಿಗೆ ಗಾರ್ಡ್ ಫೋನ್ ಮಾಡಿದರು. “ಮೇಡಂ, ಕಣಿವೇಲಿ ಜಗಳ. ಬಂದ್ರೆ ಒಳ್ಳೇದು.” ಅವರ ಬಾಯಿಂದ ಅಷ್ಟು ಉದ್ದದ ಮಾತು ಬಂತೆಂದರೆ ವಿಷಯ ಜೋರಾಗಿಯೇ ಇದೆ ಎಂದು ಹೊರಟೆ.

ದೊಡ್ಡಕ್ಕನ ಗುಂಪು ಹಣ್ಣು ಕಿತ್ತಿತ್ತು. ಹೊಸದುರ್ಗದ ಕಡೆಯವರು ಅವರ ಬುಟ್ಟಿಗಳನ್ನು ಕಸಿದು ಮರದ ಕೆಳಗೆ ಸುರಿದಿದ್ದರು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಎರಡೂ ಕಡೆ ನಿಂತಿದ್ದವು.

“ಮರ ಮುಟ್ಟಿ ಆಣೆ ಮಾಡಿ ಸುಳ್ಳಾಡಿದ್ರಲ್ಲ!” ಎಂದು ಯಜಮಾನರ ಹೆಂಡತಿ ಕೂಗುತ್ತಿದ್ದರು.

“ಯಾರಮ್ಮ ಸುಳ್ಳಾಡಿದ್ದು? ಕಣ್ಣು ಬಿಟ್ಟೈತೆ, ಕಿತ್ತೀವಿ. ನೋಡ್ರಿ ಮೇಡಮ್ಮೋರೆ, ನೀವೇ ನೋಡ್ರಿ!” ದೊಡ್ಡಕ್ಕ ಒಂದು ಕಾಯಿ ನನ್ನ ಮೂಗಿಗೇ ಹಿಡಿದರು. ಕಾಯಿಯ ಹಸಿರು ಗುಳ್ಳೆಗಳ ನಡುವಿನ ಗೆರೆ ಬೆಳ್ಳಗೆ ತಿರುಗಿತ್ತು.

“ಇದು ಕಣ್ಣು ಬಿಟ್ಟಿರೋದಾ? ಇದಿನ್ನೂ ನಿದ್ದೆಗಣ್ಣಾಗೈತೆ!” ಎಂದು ಆ ಕಡೆಯಿಂದ ಇನ್ನೊಬ್ಬರು. “ಗೆರೆ ಅಗಲ ಆಗಿ, ಒಳಗಿನ ಕೆಂಪು ಕಾಣಬೇಕು. ಅದು ಕಣ್ಣು ಬಿಡಾದು.”

ಆಗ ನನಗೆ ಅರ್ಥವಾಯಿತು. ಸುಳ್ಳು ಯಾರೂ ಆಡಿರಲಿಲ್ಲ. ಹೆದ್ದಾರಿಯಲ್ಲಿ ಮಾರುವವರಿಗೆ ಬೆಂಗಳೂರಿನ ತನಕ ಕಾರಿನಲ್ಲಿ ತಡೆಯುವ ಗಟ್ಟಿಕಾಯಿ ಬೇಕು. ಅವರಿಗೆ ಗೆರೆ ಬಿಳುಪಾದರೆ ಕಣ್ಣು ಬಿಟ್ಟಂತೆ. ಸಂತೆಯಲ್ಲಿ ಮಾರುವವರಿಗೆ ಮನೆಗೊಯ್ದು ಸಂಜೆಗೇ ತಿನ್ನುವ ಹಣ್ಣು ಬೇಕು; ಅವರಿಗೆ ಗೆರೆ ಬಿರಿದರೆ ಕಣ್ಣು ಬಿಟ್ಟಂತೆ. ಒಂದೇ ಮಾತನ್ನು ಇಟ್ಟುಕೊಂಡು ಎಷ್ಟೋ ವರ್ಷಗಳಿಂದ ಎರಡು ಕಡೆ ಎರಡು ವ್ಯಾಪಾರ ನಡೆದಿದೆ. ನಾನು ಆ ಒಂದು ಮಾತಿನ ಮೇಲೆ ಕಾಯಿದೆ ಕಟ್ಟಿದ್ದೆ.

ಯಾವುದನ್ನು ಒಪ್ಪಿದರೂ ಇನ್ನೊಂದು ಊರು ಸೋತಂತಾಗುತ್ತದೆ, ಸೋತ ಊರು ಕದ್ದು ಕೀಳುತ್ತದೆ. ದಿನಾಂಕ ಗೊತ್ತು ಮಾಡೋಣವೆಂದರೆ ಹಣ್ಣು ಕ್ಯಾಲೆಂಡರ್ ನೋಡುವುದಿಲ್ಲ. ಮಳೆ ಹಿಂದೆಮುಂದಾದರೆ ಅದೂ ಹಿಂದೆಮುಂದಾಗುತ್ತದೆ. ಅರ್ಧ ದಿನ ಕೂಗಾಡಿ ನನ್ನ ಗಂಟಲು ಬಿತ್ತು. ಕೊನೆಗೆ ರೇಗಿ, “ಹಾಗಾದರೆ ಕಣ್ಣು ಬಿಟ್ಟಿದೆ ಅಂತ ಹೇಳೋರು ಯಾರು? ನನ್ನ ಮಾತೂ ಬೇಡ, ಅವರ ಮಾತೂ ಬೇಡ, ಇವರ ಮಾತೂ ಬೇಡ!” ಎಂದೆ.

“ಹಂಗಾರೆ ಕರಡೀನೇ ಕೇಳ್ಕಂಡು ಬರ್ರಿ,” ಎಂದರು ದೊಡ್ಡಕ್ಕ.

ಎರಡೂ ಕಡೆಯವರು ಗೊಳ್ಳೆಂದು ನಕ್ಕರು. ಆ ದಿನ ಅವರು ಒಟ್ಟಿಗೆ ಮಾಡಿದ್ದು ಅದೊಂದೇ. ನಾನು ನಗಲಿಲ್ಲ, ಮುಖ ದುಮ್ಮಿಸಿಕೊಂಡೇ ಬಂದೆ. ಆದರೆ ದಾರಿಯುದ್ದಕ್ಕೂ ಆ ಮಾತು ಕಿವಿಯಲ್ಲಿ ಗುಂಯ್‌ಗುಟ್ಟಿತು. ಮನೆ ಸೇರುವ ಹೊತ್ತಿಗೆ ಅದು ಕುಚೋದ್ಯವಾಗಿ ಉಳಿದಿರಲಿಲ್ಲ.

ಕರಡಿ ಎಳೆಗಾಯಿ ತಿನ್ನುವುದಿಲ್ಲ. ಕಂಪು ಬಂದ ಮೇಲೇ ಬಾಯಿ ಹಾಕುತ್ತದೆ, ಬೀಜ ಸಮೇತ ನುಂಗುತ್ತದೆ. ನುಂಗಿದ ಬೀಜ ಅದರ ಹಿಕ್ಕೆಯಲ್ಲಿ ಹಾಗೆಯೇ ಹೊರಗೆ ಬೀಳುತ್ತದೆ. ಗೆದ್ದಲು ತಿಂದ ಹಿಕ್ಕೆ ಬೇರೆ, ಬಸರಿ ಹಣ್ಣು ತಿಂದದ್ದು ಬೇರೆ. ಸೀತಾಫಲ ತಿಂದದ್ದಾದರೆ ಕಪ್ಪು ಬೀಜ ಮಿರಮಿರ ಹೊಳೆಯುತ್ತವೆ, ಯಾವ ಊರಿನ ಕಣ್ಣಿಗಾದರೂ ಕಾಣುತ್ತವೆ. ಅದರಲ್ಲಿ ವಾದಕ್ಕೆ ಜಾಗವಿಲ್ಲ.

ಮತ್ತೆ ಎಲ್ಲರನ್ನೂ ಕಣಿವೆಗೆ ಕರೆದು ಹೇಳಿದೆ: ದಿನಾ ಬೆಳಿಗ್ಗೆ ಒಂದೊಂದು ಕಡೆಯಿಂದ ಒಬ್ಬೊಬ್ಬರು ನಮ್ಮ ಜೊತೆ ಬರಬೇಕು. ಕರಡಿಯ ಹಿಕ್ಕೆಯಲ್ಲಿ ಸೀತಾಫಲದ ಬೀಜ ಕಂಡ ದಿನ ಹಣ್ಣಿನ ಕಾಲ ಶುರು. ಅಲ್ಲಿಯ ತನಕ ಯಾರೂ ಕಾಯಿ ಮುಟ್ಟುವಂತಿಲ್ಲ.

“ಅಯ್ಯೋ ಶಿವನೆ, ಕರಡಿ ಹೇಲು ನೋಡಾಕೆ ನಾವು ಬರಬೇಕೇನ್ರಿ?” ಎಂದು ದೊಡ್ಡಕ್ಕ ಮೂಗಿಗೆ ಸೆರಗು ಮುಚ್ಚಿದರು. ಆದರೂ ಬಂದದ್ದು ಅವರೇ. ಆ ಕಡೆಯಿಂದ ಯಜಮಾನರ ಹೆಂಡತಿ. ಸಾಹೇಬರಿಗೆ ಹೇಳಿದಾಗ ಅವರು, “ವರದಿಯಲ್ಲಿ ಸ್ವಲ್ಪ ಮರ್ಯಾದೆಯಾಗಿ ಬರೀರಿ,” ಎಂದಷ್ಟೇ ಅಂದರು. ತಮ್ಮ ಷರತ್ತನ್ನು ಮಾತ್ರ ಸಡಿಲಿಸಲಿಲ್ಲ.

ಮೊದಮೊದಲು ಇಬ್ಬರು ಹೆಂಗಸರೂ ಮಾತಾಡುತ್ತಿರಲಿಲ್ಲ. ಗಾರ್ಡ್ ಮುಂದೆ, ಅವರ ಹಿಂದೆ ನಾನು, ನನ್ನ ಹಿಂದೆ ಇವರಿಬ್ಬರು ಎರಡು ಅಂಚಿನಲ್ಲಿ. ಹಿಕ್ಕೆ ಕಂಡಲ್ಲಿ ಇಬ್ಬರೂ ಒಂದೊಂದು ಕಡ್ಡಿ ಹಿಡಿದು ಕೂರುವರು. ಗೆದ್ದಲಿನ ತಲೆ, ಮಣ್ಣು, ಹುಲ್ಲು. ಏಳುವರು. ನಾಲ್ಕೈದು ಬೆಳಿಗ್ಗೆ ಕಳೆದ ಮೇಲೆ ಯಜಮಾನರ ಹೆಂಡತಿ ರೊಟ್ಟಿಯ ಗಂಟು ಬಿಚ್ಚಿ ಎಲ್ಲರಿಗೂ ಹರಿದುಕೊಟ್ಟರು. ದೊಡ್ಡಕ್ಕ ತಿಂದು, “ಖಾರ ಜಾಸ್ತಿ ಆತು,” ಎಂದರು. ಮರುದಿನ ತಾವು ಚಟ್ನಿಪುಡಿ ತಂದರು. ಅದು ಇನ್ನೂ ಖಾರವಾಗಿತ್ತು.

ಒಂದು ಬೆಳಿಗ್ಗೆ ಪೂರ್ವದ ದಾರಿಯಲ್ಲೇ, ಎಲ್ಲರಿಗೂ ಕಾಣುವ ಹಾಗೆ, ಒಂದು ಗುಪ್ಪೆ. ಅದರ ಮೇಲೆ ಕಪ್ಪು ಬೀಜ. ನನಗೆ ಹಿಗ್ಗಾಯಿತು. ದೊಡ್ಡಕ್ಕನ ಊರಿನ ಗಿಡಗಳಲ್ಲಿ ಗೆರೆ ಬಿಳುಪಾಗಿ ವಾರದ ಮೇಲಾಗಿತ್ತು. ಅಲ್ಲಿನ ಹೆಂಗಸರು ಕುದಿಯುತ್ತಿದ್ದರು. ಈಗ ಅವರೂ ಸುಮ್ಮನಾಗುತ್ತಾರೆ ಎಂದುಕೊಂಡೆ.

ದೊಡ್ಡಕ್ಕ ಕುಕ್ಕುರುಗಾಲಲ್ಲಿ ಕುಳಿತು ಕಡ್ಡಿಯಿಂದ ಗುಪ್ಪೆ ಒಡೆದರು. ಒಳಗೆ ಬರೀ ಗೆದ್ದಲು, ಮಣ್ಣು. ಬೀಜ ಮೇಲೆ ಮಾತ್ರ. ಒಂದನ್ನು ಎತ್ತಿ ಸೆರಗಿನಲ್ಲಿ ಒರೆಸಿ ಬೆಳಕಿಗೆ ಹಿಡಿದು ನೋಡಿದರು. ಹೊಳಪಿರಲಿಲ್ಲ, ಒಣಗಿ ಹೋಗಿತ್ತು. ಯಜಮಾನರ ಹೆಂಡತಿ ಬಾಯಿ ತೆರೆಯುವ ಮೊದಲೇ ದೊಡ್ಡಕ್ಕ ಎದ್ದರು.

“ಇದು ಕರಡಿ ತಿಂದಿದ್ದಲ್ಲ. ಹೇನಿಗೆ ಅರದು ಹಚ್ಚಾಕೆ ಅಂತ ಹೋದ್ ವರ್ಷ ಒಣಗಿಸಿ ಇಟ್ಟಿರೋ ಬೀಜ. ನಮ್ ಊರೋರದೇ ಕೆಲ್ಸ.” ಅವರ ಮುಖ ಕೆಂಪಾಗಿತ್ತು. “ನಡೀರಿ, ಮುಂದಕ್ ಹೋಗಾಣ.”

ಸುಮ್ಮನಿದ್ದಿದ್ದರೆ ಅವರ ಊರಿಗೆ ಆ ದಿನವೇ ಹಣ್ಣು. ನನಗೆ ಅವರ ಮೇಲೆ ಎಷ್ಟು ಪ್ರೀತಿ ಬಂತೆಂದರೆ ಏನು ಹೇಳಬೇಕೋ ತೋಚದೆ, ಹುಷಾರು ಮುಳ್ಳಿದೆ ಎಂದೆ. ಮುಂದೆ ದಾರಿಯಲ್ಲಿ ಇಬ್ಬರು ಹೆಂಗಸರೂ ಪಕ್ಕಪಕ್ಕದಲ್ಲಿ ನಡೆದರು. ಆ ಸಂಜೆ ಊರಿನಲ್ಲಿ ದೊಡ್ಡಕ್ಕ ಯಾರನ್ನು ಏನೆಂದು ಬೈದರೋ, ಮತ್ತೆ ಅಂಥ ಬೀಜ ಗುಡ್ಡದಲ್ಲಿ ಕಾಣಲಿಲ್ಲ.

ಇತ್ತ ಶೇಂಗಾ ಬಲಿಯುತ್ತಾ ಬಂತು. ಸುತ್ತಲಿನ ಹೊಲಗಳಲ್ಲಿ ಕೀಳಲು ಶುರು ಮಾಡಿದ್ದರು. ಯಜಮಾನರ ಹೊಲ ತಡವಾಗಿ ಬಿತ್ತಿದ್ದು. ನಾನು ಆ ದಾರಿಯಲ್ಲಿ ಹೋದಾಗಲೆಲ್ಲ ಮೊದಲು ಪಂಪ್‌ಮನೆಯ ಮೊಳೆ ನೋಡುತ್ತಿದ್ದೆ. ತಂತಿಯ ಸುರುಳಿ ಅಲ್ಲೇ ಇರುತ್ತಿತ್ತು. ನಿಜ ಹೇಳುತ್ತೇನೆ, ನನಗೆ ಭಯವಿತ್ತು. ಕರಡಿಗೆ ನಮ್ಮ ಒಪ್ಪಂದ ಯಾರು ಓದಿ ಹೇಳಿದ್ದಾರೆ?

ದಸರೆ ಮುಗಿದ ಮೇಲೆ ಒಂದು ಬೆಳಿಗ್ಗೆ ನಾವು ಮೂವರು ಕಣಿವೆಯಲ್ಲಿ ಯಜಮಾನರ ಹೆಂಡತಿಗಾಗಿ ಕಾಯುತ್ತಿದ್ದಾಗ ಯಜಮಾನರದೇ ಫೋನ್ ಬಂತು. “ಮೇಡಮ್ಮೋರೆ, ಹೊಲದ ತಾವ ಬರ್ರಿ. ಎಲ್ಲಾರೂ ಬರ್ರಿ.” ಅಷ್ಟೇ ಹೇಳಿ ಇಟ್ಟರು. ದನಿಯಲ್ಲಿ ಏನೂ ಗೊತ್ತಾಗಲಿಲ್ಲ. ಕೆಳಗಿಳಿಯುವಾಗ ನನ್ನ ತಲೆಯಲ್ಲಿ ಗೇಟಿನ ಬೀಗವೇ ತೂಗಾಡುತ್ತಿತ್ತು.

ಗಂಡ ಹೆಂಡತಿ ಇಬ್ಬರೂ ಬದುವಿನ ಮೇಲೆ ನಿಂತಿದ್ದರು. ಹೆಂಡತಿಯ ಸೊಂಟದಲ್ಲಿ ಖಾಲಿ ಬುಟ್ಟಿ. ಯಜಮಾನರು ಬದುವಿನ ಕಡೆ ಬೆರಳು ತೋರಿಸಿದರು. ದೊಡ್ಡದೊಂದು ಗುಪ್ಪೆ, ಇನ್ನೂ ಹಸಿ. ದೊಡ್ಡಕ್ಕ ಕಡ್ಡಿಯಿಂದ ಒಡೆದರು. ಒಳಗೂ ಹೊರಗೂ ಕಪ್ಪು ಬೀಜ, ಒಂದೊಂದೂ ಎಣ್ಣೆ ಹಚ್ಚಿದಂತೆ ಹೊಳೆಯುತ್ತಿತ್ತು.

“ಗುಡ್ಡದಾಗೆ ಹಣ್ಣು ತಿಂದು, ನಮ್ ತೊಟ್ಟಿ ನೀರು ಕುಡಿಯಾಕೆ ಬಂದೈತೆ. ಬಂದು ಸಹಿ ಹಾಕಿ ಹೋಗೈತೆ,” ಎಂದರು ಯಜಮಾನರು.

ದೊಡ್ಡಕ್ಕ ಕಡ್ಡಿ ಎಸೆದು ಎರಡೂ ಕೈ ಜೋಡಿಸಿ ಗುಡ್ಡದ ಕಡೆ ಮುಗಿದರು. ನಾನು ನಗುತ್ತಲೇ ಹೊಲದ ಕಡೆ ತಿರುಗಿದೆ, ನಗು ಅಲ್ಲೇ ನಿಂತಿತು. ಮೂಲೆಯಲ್ಲಿ ಒಂದು ಸಾಲು ಶೇಂಗಾ ಬುಡಮೇಲಾಗಿತ್ತು. ಮಣ್ಣು ಬಗೆದು, ಕಾಯಿ ತಿಂದು, ಬಳ್ಳಿ ಬಿಸಾಡಿತ್ತು.

“ಅದು?” ಎಂದೆ.

“ಅದಾ? ಹಂದೀರಿ,” ಎಂದರು ಯಜಮಾನರು. ನನ್ನ ಕಡೆ ನೋಡಲಿಲ್ಲ, ಗುಡ್ಡ ನೋಡಿದರು. “ಹಂದಿ ಕಾಟ ಇದ್ದಿದ್ದೇ.”

ನಾನು ಹತ್ತಿರ ಹೋಗಿ ಬಗ್ಗಿದೆ. ಹಸಿ ಮಣ್ಣಿನಲ್ಲಿ ಒಂದು ಹೆಜ್ಜೆ ಅಚ್ಚು ಒತ್ತಿದಂತೆ ಮೂಡಿತ್ತು: ಅಗಲ ಅಂಗಾಲು, ಸಾಲಾಗಿ ಬೆರಳು, ಮುಂದೆ ಉದ್ದನೆಯ ಉಗುರಿನ ಗೀರು. ಗಾರ್ಡ್ ನೋಡಿದರು, ಎಲೆಅಡಿಕೆ ಅಗಿಯುವುದನ್ನು ನಿಲ್ಲಿಸಿದರು. ಹಣ್ಣಿನ ಕಾಲಕ್ಕೆ ಮುಂಚೆ ಕರಡಿ ಶೇಂಗಾ ಮುಟ್ಟಿದರೆ ಗುಡ್ಡ ಬಂದ್ ಎಂಬ ಸಾಹೇಬರ ಷರತ್ತು ಅವರಿಗೂ ಗೊತ್ತು, ನನಗೂ ಗೊತ್ತು. ನಮ್ಮೊಡನೆ ದಿನಾ ನಡೆದ ಇಬ್ಬರು ಹೆಂಗಸರಿಗೂ ಗೊತ್ತು, ಹೆಂಡತಿಯಿಂದ ಯಜಮಾನರಿಗೂ ಗೊತ್ತಿತ್ತು.

ಯಜಮಾನರ ಹೆಂಡತಿ ನಿಧಾನವಾಗಿ ಬಂದು ಸೊಂಟದ ಬುಟ್ಟಿಯನ್ನು ಇಳಿಸಿದರು. ಸರಿಯಾಗಿ ಆ ಹೆಜ್ಜೆಯ ಮೇಲೆ ಇಟ್ಟು, ಸೆರಗು ಸರಿಮಾಡಿಕೊಂಡು ಪಕ್ಕದಲ್ಲಿ ನಿಂತರು.

ಆದರೂ ನನ್ನ ನಾಲಿಗೆ ಸುಮ್ಮನಿರಲಿಲ್ಲ. “ಹಂದಿಗೆ ಐದು ಬೆರಳು ಇರ್ತಾವೇನ್ರಿ ಯಜಮಾನ್ರೆ?” ಎಂದೆ.

ಅವರು ಟವೆಲ್ ಬಿಚ್ಚಿ ಮುಖ ಒರೆಸಿಕೊಂಡರು.

“ಹೈವೇ ಕಡೇದು ನಂಗೊತ್ತಿಲ್ರಿ,” ಎಂದರು. “ನಮ್ ಕಡೆ ಹಂದಿಗೆ ಇರ್ತಾವೆ.”